ಚೆಪಾಕ್ ಮರೆಯದ ನಮ್ಮ ವಿಶಿ

ಮೂರು ಶತಕದಷ್ಟೇ ತೂಕದ 97 ರನ್. ಭದ್ರಾವತಿಯ ಹುಡುಗ ಮದರಾಸಿನವನಾದ ಕಥೆ

ಚೆನ್ನೈ: ನಮ್ಮ ಬಡಾವಣೆಯ ಕನ್ನಡಿಗರು ಸೇರಿ ನಡೆಸುವ ಸಂಕ್ರಾಂತಿ ಕೂಟದಲ್ಲಿ ಊಟಕ್ಕೆ ಕೂತಾಗ ಕ್ರಿಕೆಟ್ ಮಾತು ಬಾರದೆ ಇರುವುದಿಲ್ಲ. ಈ ಸಲವೂ ಬಂತು. ಹಿರಿಯರೊಬ್ಬರು ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಹೇಗಿತ್ತೆಂದು ಬಾಳೆಲೆಯ ಮುಂದೆಯೇ ಕೈ ಬೀಸಿ ತೋರಿಸುತ್ತಿದ್ದರು. ಎದುರು ಸಾಲಿನಲ್ಲಿ ಕೂತಿದ್ದ ಕಾಲೇಜು ಹುಡುಗನೊಬ್ಬ ಮೊಬೈಲ್ ತೆಗೆದು ನೋಡಿ, "ಅಂಕಲ್, ಅವರ ಆವರೇಜ್ ಬರೀ 41. ಈಗಿನವರೆಲ್ಲ 50ರ ಮೇಲೆ ಇದ್ದಾರೆ. ನೀವೆಲ್ಲ ಅವರನ್ನ ಯಾಕೆ ಇಷ್ಟು ಹೊಗಳ್ತೀರಿ?" ಎಂದು ಕೇಳಿದ.

ಹುಡುಗ ಉದ್ಧಟತನದಿಂದ ಕೇಳಿದ್ದಲ್ಲ. ಅವನು ಹುಟ್ಟುವ ಹೊತ್ತಿಗೆ ವಿಶ್ವನಾಥ್ ಆಟ ಬಿಟ್ಟು ಇಪ್ಪತ್ತು ವರ್ಷ ದಾಟಿತ್ತು. ಆದರೆ ಪಂಕ್ತಿಯಲ್ಲಿ ಯಾರೂ ತಟ್ಟನೆ ಉತ್ತರ ಹೇಳಲಿಲ್ಲ. ಒಬ್ಬರು "ನೀನು ನೋಡಬೇಕಿತ್ತಪ್ಪ" ಎಂದರು. ಅದು ಉತ್ತರವಲ್ಲ. ನೋಡಿದವರು ಸರಿಯಾಗಿ ಹೇಳದೆ ಹೋದರೆ ನೋಡದವರಿಗೆ ಅಂಕಿ ಅಂಶ ಮಾತ್ರ ಉಳಿಯುತ್ತದೆ. ಆ ಹುಡುಗನಿಗೂ ಅವನ ಓರಗೆಯವರಿಗೂ ಉತ್ತರ ಕೊಡುವ ಪ್ರಯತ್ನವೇ ಈ ಲೇಖನ.

ಮೈಸೂರಿಗೆ ಮದರಾಸಿನಲ್ಲಿ ಆದ ಅವಮಾನ

ಮೊದಲು ಒಂದು ಹಳೆಯ ಲೆಕ್ಕ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು ಇದೇ ಚೆಪಾಕ್ ಮೈದಾನದಲ್ಲಿ, 1934ರ ನವೆಂಬರ್ 4ರಂದು. ಆಡಿದವರು ಮದರಾಸು ಮತ್ತು ಮೈಸೂರು. ಮೈಸೂರಿನವರು ಮೊದಲ ಇನಿಂಗ್ಸ್‌ನಲ್ಲಿ 48, ಎರಡನೆಯದರಲ್ಲಿ 59 ರನ್ನಿಗೆ ಔಟಾದರು. ಮದರಾಸಿನ ಎ.ಜಿ. ರಾಮ್‌ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಬೆಳಿಗ್ಗೆ ಆರಂಭವಾದ ಪಂದ್ಯ ಸಂಜೆಯೊಳಗೆ ಮುಗಿದೇಹೋಯಿತು. ಆ ದಿನ ಕನ್ನಡ ನಾಡಿನ ಆಟಗಾರರು ಇಲ್ಲಿಂದ ತಲೆ ತಗ್ಗಿಸಿಕೊಂಡೇ ರೈಲು ಹತ್ತಿರಬೇಕು.

ಹದಿನಾಲ್ಕೂಕಾಲು ವರ್ಷದ ನಂತರ, 1949ರ ಫೆಬ್ರವರಿ 12ರಂದು, ಕಬ್ಬಿಣದ ಕಾರ್ಖಾನೆಯ ಊರು ಭದ್ರಾವತಿಯಲ್ಲಿ ಗುಂಡಪ್ಪ ರಂಗನಾಥ ವಿಶ್ವನಾಥ್ ಹುಟ್ಟಿದರು. ಬೆಳೆದದ್ದು, ಆಟ ಕಲಿತದ್ದು ಬೆಂಗಳೂರಿನಲ್ಲಿ. ಆಳು ಗಿಡ್ಡ, ಐದಡಿಗಿಂತ ಎರಡು ಮೂರು ಅಂಗುಲ ಹೆಚ್ಚು, ಅಷ್ಟೆ. 1967ರಲ್ಲಿ ಮೈಸೂರು ತಂಡಕ್ಕೆ ಮೊದಲ ರಣಜಿ ಪಂದ್ಯ ಆಡಿದ್ದು ಆಂಧ್ರದ ವಿರುದ್ಧ, ವಿಜಯವಾಡದಲ್ಲಿ. ಆ ಚೊಚ್ಚಲ ಪಂದ್ಯದಲ್ಲೇ 230 ರನ್ ಹೊಡೆದರು.

ಎರಡು ವರ್ಷ ಕಳೆದು, 1969ರ ನವೆಂಬರಿನಲ್ಲಿ, ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್‌ಗೆ ಕಾಲಿಟ್ಟರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಇಪ್ಪತ್ತು ವರ್ಷದ ಹುಡುಗ ಮುಖ ಚಿಕ್ಕದು ಮಾಡಿಕೊಂಡಿದ್ದಾಗ ನಾಯಕ ಪಟೌಡಿ ಬಂದು, ಯೋಚನೆ ಮಾಡಬೇಡ, ನೀನು ಶತಕ ಹೊಡೆಯುತ್ತೀ ಎಂದು ಧೈರ್ಯ ಹೇಳಿದರಂತೆ. ವಿಶ್ವನಾಥ್ ಇದನ್ನು ಅನೇಕ ಬಾರಿ ನೆನೆದಿದ್ದಾರೆ. ಎರಡನೆಯ ಇನಿಂಗ್ಸ್‌ನಲ್ಲಿ 137 ಹೊಡೆದರು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಆ ಕಾಲದಲ್ಲಿ ಭಾರತೀಯರಿಗೆ ಒಂದು ಶಾಪವಿದೆ ಎಂಬ ಮಾತಿತ್ತು. ಮೊದಲ ಟೆಸ್ಟ್‌ನಲ್ಲೇ ಶತಕ ಹೊಡೆದ ಭಾರತೀಯನಿಗೆ ಎರಡನೆಯ ಶತಕ ಬರುವುದಿಲ್ಲ ಎಂದು. ಲಾಲಾ ಅಮರನಾಥ್, ದೀಪಕ್ ಶೋಧನ್, ನಮ್ಮ ಮದರಾಸಿನ ಕೃಪಾಲ್‌ಸಿಂಗ್ (ಮೇಲೆ ಹೇಳಿದ ರಾಮ್‌ಸಿಂಗ್ ಅವರ ಮಗ), ಅಬ್ಬಾಸ್ ಅಲಿ ಬೇಗ್, ಹನುಮಂತ ಸಿಂಗ್, ಎಲ್ಲರದ್ದೂ ಅದೇ ಕಥೆ. 1973ರಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ 113 ಹೊಡೆದು ಆ ಶಾಪವನ್ನು ಮುರಿದವರು ವಿಶ್ವನಾಥ್. ಆ ದಿನ ಇಂಗ್ಲೆಂಡಿನ ಆರೂವರೆ ಅಡಿ ಎತ್ತರದ ಟೋನಿ ಗ್ರೇಗ್ ಇವರನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ತೂಗಿದರು. ಎದುರಾಳಿಯನ್ನು ಹಾಗೆ ಮುದ್ದಿಸಬೇಕಾದರೆ ಆ ಎದುರಾಳಿ ಎಂಥವನಿರಬೇಕು ಎಂದು ಯೋಚಿಸಿ.

1975: ಶತಕವಲ್ಲದ ಶತಕ

ಮದರಾಸಿನ ಜನ ವಿಶ್ವನಾಥರನ್ನು ಟೆಸ್ಟ್‌ನಲ್ಲಿ ಮೊದಲು ಕಂಡದ್ದು 1969ರ ಡಿಸೆಂಬರಿನಲ್ಲಿ. ಆದರೆ ಎದೆಗೆ ಅಪ್ಪಿಕೊಂಡದ್ದು 1975ರ ಜನವರಿಯಲ್ಲಿ. ಆಗ ಚೆಪಾಕ್ ಟೆಸ್ಟ್ ಎಂದರೆ ಪೊಂಗಲ್ ಹಬ್ಬದ ಒಂದು ಭಾಗವೇ ಆಗಿತ್ತು.

ಎದುರಾಳಿ ಕ್ಲೈವ್ ಲಾಯ್ಡ್ ನಾಯಕತ್ವದ ವೆಸ್ಟ್ ಇಂಡೀಸ್. ಭಾರತ ಬೆಂಗಳೂರು, ದೆಹಲಿಗಳಲ್ಲಿ ಸೋತು ಕೋಲ್ಕತ್ತದಲ್ಲಿ ಗೆದ್ದು ಬಂದಿತ್ತು. ಕೋಲ್ಕತ್ತದ ಗೆಲುವಿಗೆ ವಿಶ್ವನಾಥರ 139 ರನ್ನೇ ಆಧಾರ. ಗಾವಸ್ಕರ್ ಗಾಯದಿಂದ ಮದರಾಸಿನಲ್ಲಿ ಆಡಲಿಲ್ಲ. ಪಿಚ್‌ನಲ್ಲಿ ಚೆಂಡು ಎದೆಮಟ್ಟ ಏಳುತ್ತಿತ್ತು. ಆಂಡಿ ರಾಬರ್ಟ್ಸ್ ಬೆಂಕಿಯಂತೆ ಎಸೆಯುತ್ತಿದ್ದರು. ಆಗಿನ್ನೂ ಹೆಲ್ಮೆಟ್ ಬಂದಿರಲಿಲ್ಲ ಎಂಬುದನ್ನು ಇಂದಿನ ಹುಡುಗರು ಗಮನಿಸಬೇಕು.

76 ರನ್ನಿಗೆ ಭಾರತದ 6 ವಿಕೆಟ್ ಬಿದ್ದವು. 117ಕ್ಕೆ 8. ಉಳಿದವರು ಬೇಡಿ ಮತ್ತು ಚಂದ್ರಶೇಖರ್. ಚಂದ್ರ ಬೌಲಿಂಗಿನಲ್ಲಿ ಮಾಂತ್ರಿಕ. ಬ್ಯಾಟ್ ಹಿಡಿದರೆ ಎದುರಾಳಿಗೆ ಸಂತೋಷ. ಅಲ್ಲಿಂದ ವಿಶ್ವನಾಥ್ ಆಟ ಶುರುವಾಯಿತು. ಬೇಡಿಯ ಜೊತೆ 52 ರನ್ ಸೇರಿಸಿದರು. ಕಡೆಯವರಾಗಿ ಬಂದ ಚಂದ್ರಶೇಖರ್ ಜೊತೆ 21. ಎದೆಗೆ ಬಂದ ಚೆಂಡನ್ನು ತುದಿಗಾಲಿನಲ್ಲಿ ನಿಂತು ಕಟ್ ಮಾಡಿದರು. ಕಾಲಿಗೆ ಬಂದದ್ದನ್ನು ಮಣಿಕಟ್ಟು ತಿರುಗಿಸಿ ಬೌಂಡರಿಗೆ ಕಳಿಸಿದರು. ಚಂದ್ರಶೇಖರ್ ಔಟಾದಾಗ ಭಾರತ 190. ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್. ವಿಶ್ವನಾಥ್ ಔಟಾಗದೆ 97.

ಮೂರು ರನ್ ಸಾಲದೇ ಬಂತು. ಆದರೆ ಆ ಮೂರು ರನ್ನಿಗಾಗಿ ಅವರು ಎಂದೂ ಹಲುಬಿದವರಲ್ಲ. ಚಂದ್ರನ ಮೇಲೆ ಮುನಿಸಿಕೊಂಡವರಲ್ಲ. ತಂಡಕ್ಕೆ ಬೇಕಾದ ರನ್ ಬಂದವು ಎಂಬುದಷ್ಟೇ ಅವರಿಗೆ ಮುಖ್ಯ.

ಆ ರನ್ನಿನ ಬೆಲೆ ತಿಳಿದದ್ದು ಪಂದ್ಯ ಮುಗಿದಾಗ. ವೆಸ್ಟ್ ಇಂಡೀಸ್ 192ಕ್ಕೆ ಆಲ್ ಔಟ್. ನಮ್ಮ ಎರಾಪಳ್ಳಿ ಪ್ರಸನ್ನ 5 ವಿಕೆಟ್ ಪಡೆದರು. ಎರಡನೆಯ ಸರದಿಯಲ್ಲಿ ಅಂಶುಮನ್ ಗಾಯಕವಾಡರ 80, ವಿಶ್ವನಾಥರ 46 ಸೇರಿ ಭಾರತ 256. ಗೆಲ್ಲಲು 255 ಬೇಕಿದ್ದ ವೆಸ್ಟ್ ಇಂಡೀಸ್ 154ಕ್ಕೆ ಕುಸಿಯಿತು. ಪ್ರಸನ್ನರಿಗೆ ಮತ್ತೆ 4. ಭಾರತಕ್ಕೆ ಸರಿಯಾಗಿ 100 ರನ್ ಗೆಲುವು. 97 ಹೊಡೆದ ವಿಶ್ವನಾಥ್, ಒಂಬತ್ತು ವಿಕೆಟ್ ಕಿತ್ತ ಪ್ರಸನ್ನ, ಇನ್ನೊಂದು ತುದಿಯಲ್ಲಿ ನಿಂತ ಚಂದ್ರ, ಮೂವರೂ ಕನ್ನಡಿಗರು. 1934ರಲ್ಲಿ ಮೈಸೂರು ಒಂದೇ ದಿನದಲ್ಲಿ ಸೋತ ಮೈದಾನ ಇದೇ ಎಂಬುದನ್ನು ಓದುಗರು ಮರೆಯಬಾರದು.

2001ರಲ್ಲಿ ವಿಸ್ಡನ್ ಸಂಸ್ಥೆ ಟೆಸ್ಟ್ ಇತಿಹಾಸದ ನೂರು ಶ್ರೇಷ್ಠ ಇನಿಂಗ್ಸ್‌ಗಳನ್ನು ಲೆಕ್ಕ ಹಾಕಿ ಪಟ್ಟಿ ಮಾಡಿತು. ಈ 97ಕ್ಕೆ 38ನೇ ಸ್ಥಾನ. ಶತಕವಲ್ಲದ ಆಟಗಳಲ್ಲಿ ಎರಡನೆಯದು.

ಎಳ್ಳು ಬೆಲ್ಲದ ಪೊಟ್ಟಣ

1979ರ ಜನವರಿಯಲ್ಲಿ ಮತ್ತೆ ವೆಸ್ಟ್ ಇಂಡೀಸ್, ಮತ್ತೆ ಚೆಪಾಕ್, ಮತ್ತೆ ಚೆಂಡು ನೆಗೆಯುವ ಪಿಚ್. ಭಾರತ ಹೊಡೆದದ್ದು 255. ಅದರಲ್ಲಿ ವಿಶ್ವನಾಥರದ್ದೇ 124. ಭಾರತ 3 ವಿಕೆಟ್‌ನಿಂದ ಗೆದ್ದಿತು. ಆರು ಟೆಸ್ಟ್‌ಗಳ ಆ ಸರಣಿಯಲ್ಲಿ ಫಲಿತಾಂಶ ಕಂಡದ್ದು ಇದೊಂದೇ ಪಂದ್ಯ.

ಮೂರನೆಯದನ್ನು ನಾನು ಕಣ್ಣಾರೆ ಕಂಡೆ. 1982ರ ಜನವರಿ, ಇಂಗ್ಲೆಂಡ್ ವಿರುದ್ಧ. ನನಗಾಗ ಹದಿನಾಲ್ಕು ವರ್ಷ. ನಮ್ಮ ತಂದೆ ತಿರುವಲ್ಲಿಕ್ಕೇಣಿಯ ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಯಾರೋ ಗಿರಾಕಿ ಕೊಟ್ಟ ಎರಡು ಟಿಕೆಟ್ ಅವರ ಕೈಗೆ ಬಂತು. ಎರಡನೆಯ ದಿನದ್ದು, ಜನವರಿ 14, ಸಂಕ್ರಾಂತಿ. ಹಬ್ಬದ ದಿನ ಮನೆ ಬಿಟ್ಟು ಹೋಗುವುದೇ ಎಂದು ತಾಯಿ ಗೊಣಗಿದರು. ಆದರೂ ಎಳ್ಳು ಬೆಲ್ಲವನ್ನು ಕಾಗದದ ಪೊಟ್ಟಣ ಕಟ್ಟಿ ತಂದೆಯ ಜೇಬಿಗೆ ಹಾಕಿದರು. ನಾವು ಮನೆಯಿಂದ ನಡೆದೇ ಹೋದೆವು.

ಆ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ವಿಕೆಟ್ ಕೂಡ ಬೀಳಲಿಲ್ಲ. ಒಂದು ಕಡೆ ವಿಶ್ವನಾಥ್, ಇನ್ನೊಂದು ಕಡೆ ಯಶ್‌ಪಾಲ್ ಶರ್ಮ. ವಿಲ್ಲಿಸ್, ಬೋಥಮ್, ಅಂಡರ್‌ವುಡ್ ಎಲ್ಲರೂ ಎಸೆದು ಸುಸ್ತಾದರು. ಯಶ್‌ಪಾಲ್ ಬಂಡೆಯಂತೆ ನಿಂತಿದ್ದರು. ವಿಶ್ವನಾಥ್ ಮಾತ್ರ ಯಾವ ಅವಸರವೂ ಇಲ್ಲದೆ ಚೆಂಡು ಬಂದು ಬ್ಯಾಟಿಗೆ ತಾಗುವ ಕಡೆಯ ಕ್ಷಣದವರೆಗೂ ಕಾದು, ಆಮೇಲೆ ಮೆಲ್ಲನೆ ತಳ್ಳಿದಂತೆ ಕಾಣುತ್ತಿತ್ತು. ಚೆಂಡು ನೋಡಿದರೆ ಬೌಂಡರಿ ಗೆರೆಯಲ್ಲಿರುತ್ತಿತ್ತು.

ನಮ್ಮ ಪಕ್ಕದಲ್ಲಿ ವಯಸ್ಸಾದ ತಮಿಳರೊಬ್ಬರು ಕೂತಿದ್ದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ತಿಂಡಿಯ ಡಬ್ಬಿ. ನಾನು ತಂದೆಯ ಹತ್ತಿರ ಕನ್ನಡದಲ್ಲಿ ಮಾತಾಡುವುದನ್ನು ಕೇಳಿ, ತಂದೆಯವರತ್ತ ತಿರುಗಿ "ನೀಂಗಳ್ ಮೈಸೂರಾ?" ಎಂದರು. ತಂದೆ ಹೌದೆಂದು ತಲೆಯಾಡಿಸಿ, ಹೆಮ್ಮೆ ತಡೆಯಲಾರದೆ, ಅವನೂ ನಮ್ಮವನೇ ಎಂದು ಪಿಚ್ ಕಡೆ ಕೈ ತೋರಿಸಿದರು. ಆ ಹಿರಿಯರು ನಕ್ಕುಬಿಟ್ಟರು. "ಇಲ್ಲೆ ಸಾರ್, ಅವನ್ ನಮ್ಮ ವಿಶಿ" ಎಂದರು.

"ನಮ್ಮ" ಎಂಬುದು ಕನ್ನಡದಲ್ಲೂ "ನಮ್ಮ", ಮದರಾಸಿನ ಆಡುಮಾತಿನಲ್ಲೂ "ನಮ್ಮ". ಅವರು ತಮಿಳಿನಲ್ಲಿ ಹೇಳಿದರೋ ಕನ್ನಡದಲ್ಲಿ ಹೇಳಿದರೋ ಎಂದು ನನಗೆ ಒಂದು ಗಳಿಗೆ ಗೊತ್ತಾಗಲಿಲ್ಲ. ತಂದೆ ಏನೂ ಹೇಳದೆ ಜೇಬಿನಿಂದ ಪೊಟ್ಟಣ ತೆಗೆದು ಅವರ ಕೈಗೆ ಎಳ್ಳು ಬೆಲ್ಲ ಹಾಕಿದರು. ಅವರು ಡಬ್ಬಿ ತೆರೆದು ನನಗೆ ಸಕ್ಕರೆ ಪೊಂಗಲ್ ಕೊಟ್ಟರು.

ಮರುದಿನ ವಿಶ್ವನಾಥ್ 222ಕ್ಕೆ ಔಟಾದರು. ಅಲ್ಲಿಯವರೆಗೆ ಇಂಗ್ಲೆಂಡ್ ವಿರುದ್ಧ ಭಾರತೀಯನೊಬ್ಬ ಹೊಡೆದ ಅತ್ಯಧಿಕ ರನ್ ಅದು. ಅವರೂ ಯಶ್‌ಪಾಲರೂ ಸೇರಿಸಿದ್ದು 316. ಅದಕ್ಕೆ ಮೊದಲು ಅದೇ ವಿಕೆಟ್‌ಗೆ ವೆಂಗ್‌ಸರ್ಕಾರ್ ಜೊತೆ 99 ಸೇರಿಸಿದ್ದರು. ವೆಂಗ್‌ಸರ್ಕಾರ್ ಗಾಯಗೊಂಡು ಹೊರನಡೆದಿದ್ದರಿಂದ ಯಶ್‌ಪಾಲ್ ಬಂದದ್ದು. ಅಂದರೆ ಮೂರನೆಯ ವಿಕೆಟ್‌ಗೆ ಒಟ್ಟು 415 ರನ್.

ಲೆಕ್ಕಕ್ಕೆ ಸಿಗದ ಜಮೆ

ಈಗ ಹುಡುಗನ ಪ್ರಶ್ನೆಗೆ ಬರೋಣ. ವಿಶ್ವನಾಥ್ ಆಡಿದ ಟೆಸ್ಟ್ 91, ರನ್ 6080, ಶತಕ 14, ಸರಾಸರಿ 41.93. ಇದು ಪಾಸ್ ಬುಕ್ಕಿನ ಕಡೆಯ ಸಾಲು. ಬ್ಯಾಂಕಿನ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತ ನನ್ನಂಥವನಿಗೆ ಒಂದು ಮಾತು ಗೊತ್ತು: ಕಡೆಯ ಬಾಕಿ ಒಂದೇ ಇದ್ದರೂ ಎರಡು ಖಾತೆಗಳ ಕಥೆ ಒಂದೇ ಅಲ್ಲ. ಯಾವಾಗ ಜಮೆ ಆಯಿತು, ಯಾರ ಕಷ್ಟಕ್ಕೆ ಒದಗಿತು ಎಂಬುದನ್ನು ಒಳಗಿನ ಪುಟ ತಿರುವಿಯೇ ನೋಡಬೇಕು.

ಒಳಗಿನ ಪುಟ ಹೀಗಿದೆ. ವಿಶ್ವನಾಥ್ ಶತಕ ಹೊಡೆದ 14 ಟೆಸ್ಟ್‌ಗಳಲ್ಲಿ ಭಾರತ ಒಂದರಲ್ಲೂ ಸೋಲಲಿಲ್ಲ. ಹತ್ತು ಡ್ರಾ, ನಾಲ್ಕು ಗೆಲುವು. ಗೆದ್ದ ನಾಲ್ಕೂ ಇತಿಹಾಸದ ಪಂದ್ಯಗಳೇ: 1975ರ ಕೋಲ್ಕತ್ತ, 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ 403ರ ಗುರಿ ಬೆನ್ನಟ್ಟಿ 406 ಹೊಡೆದದ್ದು, ಇವರ 112, 1979ರ ಮದರಾಸು, 1981ರ ಮೆಲ್ಬರ್ನ್, ಇವರ 114. ಮೆಲ್ಬರ್ನ್‌ನಲ್ಲಿ ಕಡೆಯ ಸರದಿಯಲ್ಲಿ ಆಸ್ಟ್ರೇಲಿಯಾ 83ಕ್ಕೆ ಔಟಾದದ್ದನ್ನು, ಕಪಿಲ್ ದೇವ್ 5 ವಿಕೆಟ್ ಪಡೆದದ್ದನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಮೊದಲ ಸರದಿಯ 237ರಲ್ಲಿ ಸುಮಾರು ಅರ್ಧ ವಿಶ್ವನಾಥರದ್ದು ಎಂಬುದನ್ನು ನೆನೆಯುವವರು ಕಡಿಮೆ. ಅದಿಲ್ಲದಿದ್ದರೆ ಕಪಿಲ್‌ಗೆ ಗೆಲ್ಲಿಸಲು ಪಂದ್ಯವೇ ಉಳಿಯುತ್ತಿರಲಿಲ್ಲ.

ಕರ್ನಾಟಕದ ಖಾತೆಯೂ ಇದೆ. ಹದಿನೈದು ವರ್ಷ ಬಿಡದೆ ರಣಜಿ ಗೆದ್ದ ಮುಂಬಯಿಯನ್ನು 1974ರ ಸೆಮಿಫೈನಲ್‌ನಲ್ಲಿ ಬೆಂಗಳೂರಿನಲ್ಲಿ ತಡೆದಾಗ ಇವರ 162 ಇತ್ತು. ಆ ವರ್ಷ ಕರ್ನಾಟಕಕ್ಕೆ ಮೊದಲ ರಣಜಿ ಟ್ರೋಫಿ. 1978ರ ಫೈನಲ್‌ನಲ್ಲಿ ಉತ್ತರ ಪ್ರದೇಶದ ವಿರುದ್ಧ 247.

ಕರೆದು ಕೂರಿಸಿದ ನ್ಯಾಯ

ಲೆಕ್ಕದಲ್ಲಿ ನಷ್ಟ ಎಂದೇ ಕಾಣುವ ಒಂದು ಬಾಬ್ತನ್ನೂ ಹೇಳಿಬಿಡಬೇಕು. ವಿಶ್ವನಾಥ್ ಭಾರತದ ನಾಯಕರಾಗಿದ್ದು ಎರಡೇ ಟೆಸ್ಟ್‌ಗೆ. ಎರಡನೆಯದು 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಬೋಥಮ್ ಜೊತೆ ಬಾಬ್ ಟೇಲರ್ ಆಡುತ್ತಿದ್ದರು. ವಿಕೆಟ್ ಕೀಪರ್ ಕ್ಯಾಚ್ ಹಿಡಿದರೆಂದು ಅಂಪೈರ್ ಟೇಲರ್‌ರನ್ನು ಔಟ್ ಕೊಟ್ಟರು. ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಖಚಿತವಾಗಿತ್ತು. ಅವರು ಅಂಪೈರ್ ಬಳಿ ಹೋಗಿ ತೀರ್ಪು ಹಿಂದೆ ಪಡೆಯಲು ಕೇಳಿಕೊಂಡರು. ಟೇಲರ್ ಉಳಿದರು. ಬೋಥಮ್ ಮತ್ತು ಟೇಲರ್ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ನಿಂದ ಸೋತಿತು.

ಈ ಪಂದ್ಯದ ಬಗ್ಗೆ ಎರಡು ಅಭಿಪ್ರಾಯ ಇಂದಿಗೂ ಇದೆ. ನಾಯಕನಾದವನು ತಂಡದ ಗೆಲುವು ನೋಡಬೇಕಿತ್ತು, ಅಂಪೈರ್ ಕೆಲಸ ಅಂಪೈರ್‌ದು ಎಂದು ಕೆಲವರು. ಅದನ್ನು ತೆಗೆದುಹಾಕುವಂತಿಲ್ಲ, ಅವರ ಮಾತಿನಲ್ಲೂ ನ್ಯಾಯವಿದೆ. ಆದರೆ ಒಂದು ಉದಾಹರಣೆ ಹೇಳುತ್ತೇನೆ. ಸಂಜೆ ನಗದು ಎಣಿಸುವಾಗ ನೂರು ರೂಪಾಯಿ ಹೆಚ್ಚು ಬಂದರೆ, ಯಾರೂ ಕೇಳದಿದ್ದರೂ, ಅದು ನಮ್ಮದಲ್ಲ. ಕೊಟ್ಟವರು ಗುರುತು ಸಿಕ್ಕರೆ ಕರೆದು ಹಿಂದಿರುಗಿಸಬೇಕು. ವಿಶ್ವನಾಥ್ ಮಾಡಿದ್ದು ಅಷ್ಟೆ. ಅವರು ಸ್ಟೇಟ್ ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದು ಆ ಬ್ಯಾಂಕಿನ ತಂಡಕ್ಕೂ ಆಡಿದವರು ಎಂಬುದು ನಮ್ಮಂಥ ಬ್ಯಾಂಕ್ ನೌಕರರಿಗೆ ಇನ್ನಷ್ಟು ಹೆಮ್ಮೆ. ತಾನೇ ಔಟಾದಾಗಲೂ ಅಂಪೈರ್ ಬೆರಳೆತ್ತುವುದನ್ನು ಕಾಯದೆ ನಡೆದುಬಿಡುತ್ತಿದ್ದರು ಎಂಬುದು ಅವರ ಜೊತೆ ಆಡಿದವರೆಲ್ಲ ಹೇಳುವ ಮಾತು.

ಬೀಳ್ಕೊಡುಗೆ ಇಲ್ಲದ ವಿದಾಯ

ಅವರ ಕಡೆಯ ಟೆಸ್ಟ್ 1983ರ ಆರಂಭದಲ್ಲಿ ಕರಾಚಿಯಲ್ಲಿ. ಆ ಪಾಕಿಸ್ತಾನ ಪ್ರವಾಸದಲ್ಲಿ ರನ್ ಬರಲಿಲ್ಲ. ಅಲ್ಲಿಂದ ಬಂದ ಮೇಲೆ ವೆಸ್ಟ್ ಇಂಡೀಸ್‌ಗೆ ಹೊರಟ ತಂಡದಲ್ಲಿ ಹೆಸರಿರಲಿಲ್ಲ. ಅದಕ್ಕೆ ಮುಂಚೆ 87 ಟೆಸ್ಟ್‌ಗಳನ್ನು ಒಂದನ್ನೂ ತಪ್ಪಿಸದೆ ಆಡಿದ್ದರು. ಅದೇ ವರ್ಷ ಜೂನ್‌ನಲ್ಲಿ ಭಾರತ ವಿಶ್ವಕಪ್ ಗೆದ್ದಿತು. 1975 ಮತ್ತು 1979ರ ವಿಶ್ವಕಪ್‌ಗಳಲ್ಲಿ ಸೋತ ತಂಡದಲ್ಲಿದ್ದ ವಿಶ್ವನಾಥ್ ಗೆದ್ದ ತಂಡದಲ್ಲಿರಲಿಲ್ಲ. ಹಾರ ಹಾಕಿ, ಕೈ ತಟ್ಟಿ ಕಳಿಸಿಕೊಡುವ ಕಡೆಯ ಪಂದ್ಯ ಅವರಿಗೆ ಸಿಗಲಿಲ್ಲ. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಚುರುಕ್ ಎನ್ನುತ್ತದೆ. ಆದರೆ ಅವರು ಈ ಬಗ್ಗೆ ಯಾರನ್ನೂ ದೂರಿಕೊಂಡು ತಿರುಗಲಿಲ್ಲ. ಮುಂದೆ ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿ ಕೆಲಸ ಮಾಡಿದರು. 2022ರಲ್ಲಿ ಅವರ ಆತ್ಮಕಥೆ ಹೊರಬಂತು.

ಚೆಪಾಕ್ ಮಾತ್ರ ಕನ್ನಡಿಗರ ಕೈ ಬಿಡಲಿಲ್ಲ. 2008ರಲ್ಲಿ ರಾಹುಲ್ ದ್ರಾವಿಡ್ ಟೆಸ್ಟ್‌ನಲ್ಲಿ ಹತ್ತು ಸಾವಿರ ರನ್ ಮುಟ್ಟಿದ್ದು ಇಲ್ಲೇ. 2016ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ವಿರುದ್ಧ ಕೆ.ಎಲ್. ರಾಹುಲ್ 199ಕ್ಕೆ ಔಟಾದಾಗ ಮೈದಾನವೇ "ಅಯ್ಯೋ" ಎಂದಿತು. ಅದೇ ಪಂದ್ಯದಲ್ಲಿ ಕರ್ನಾಟಕದ ಕರುಣ್ ನಾಯರ್ ಔಟಾಗದೆ 303. ಒಂದು ರನ್ನಿಗೆ ಮರುಗಿದವರೇ ತ್ರಿಶತಕಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಈ ನಗರದಲ್ಲಿ ನಮಗೆ ಎಲ್ಲ ದಿನಗಳೂ ಸಂಕ್ರಾಂತಿಯಾಗಿರಲಿಲ್ಲ. ಕಾವೇರಿ ಗಲಾಟೆಯ 1991ರ ಆ ದಿನಗಳಲ್ಲಿ ನಮ್ಮ ತಂದೆ ರಸ್ತೆಯಲ್ಲಿ ದನಿ ತಗ್ಗಿಸಿ ಕನ್ನಡ ಮಾತಾಡುತ್ತಿದ್ದರು. ಆ ಹೊತ್ತಿನಲ್ಲಿ ಒಂದು ಸಂಜೆ, ಊಟ ಮಾಡುತ್ತ, "ಆ ಎಳ್ಳು ತಿಂದ ಯಜಮಾನರು ಈಗ ಎಲ್ಲಿದ್ದಾರೋ?" ಎಂದರು. ಬೇರೇನೂ ಹೇಳಲಿಲ್ಲ. ನನಗೆ ಅರ್ಥವಾಯಿತು. ಗೋಡೆಗಳಲ್ಲಿ ಏನೇ ಬರೆದಿರಲಿ, ಈ ಊರಿನ ಒಬ್ಬ ಮನುಷ್ಯ ನಮ್ಮವನೊಬ್ಬನನ್ನು "ನಮ್ಮ" ಎಂದದ್ದನ್ನು ಅವರು ಕಿವಿಯಾರೆ ಕೇಳಿದ್ದರು. ಅದರ ಬಲದಿಂದ ಅವರು ಇಲ್ಲೇ ಉಳಿದರು, ಇಲ್ಲೇ ತೀರಿಕೊಂಡರು.

ಸಂಕ್ರಾಂತಿ ಕೂಟದ ಆ ಹುಡುಗನಿಗೆ ನನ್ನ ಉತ್ತರ ಇಷ್ಟೆ. ಮಗು, 41 ಎಂಬ ಲೆಕ್ಕ ಸರಿಯಾಗಿಯೇ ಇದೆ. ಅದರ ಜೊತೆಗೆ ಎಳ್ಳು ಬೆಲ್ಲದ ಪೊಟ್ಟಣವನ್ನೂ ಸೇರಿಸಿ ನೋಡು. ಮುಂದಿನ ವರ್ಷ ಹಬ್ಬಕ್ಕೆ ಬಂದಾಗ ನಿನ್ನ ಪಕ್ಕದ ಮನೆಯ ತಮಿಳು ಗೆಳೆಯನನ್ನೂ ಕರೆದುಕೊಂಡು ಬಾ. ಎಳ್ಳು ತಿಂದು ಒಳ್ಳೆ ಮಾತಾಡೋಣ. ವಿಶಿಯ ಸ್ಕ್ವೇರ್ ಕಟ್ ಹೇಗಿತ್ತೆಂದು ಇಬ್ಬರಿಗೂ ಕೈ ಬೀಸಿ ತೋರಿಸಲು ನಾವಿನ್ನೂ ಇದ್ದೇವೆ.